‘ಮದುವೆ ಯಾವಾಗ?’ ಎಂದವರ ಕೈಕೆಳಗೆ ಕೆಲಸಕ್ಕೆ ಸೇರಲೇ?

ಪ್ರಶ್ನೆ: ನನಗೆ 27 ವರ್ಷ. ದಾವಣಗೆರೆಯವಳು. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಅಕೌಂಟ್ಸ್ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳ 20ರಂದು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಂದರ್ಶನವಿತ್ತು. 11ಕ್ಕೆ ಬರಲು ಹೇಳಿ 12.30ಕ್ಕೆ ಒಳಗೆ ಕರೆದರು. ಅಕೌಂಟ್ಸ್ ಮ್ಯಾನೇಜರ್ ನನ್ನ ರೆಸ್ಯೂಮೆ ತೆರೆದೇ ನೋಡಿರಲಿಲ್ಲ, ಮಾತಿನ ಮಧ್ಯೆ ಫೋನ್ ಬೇರೆ. ‘ಮದುವೆ ಯಾವಾಗ? ಆಮೇಲೆ ಗಂಡ ಬೇಡ ಅಂದ್ರೆ ಬಿಟ್ಟು ಹೋಗ್ತೀರಲ್ವಾ’ ಎಂದರು. ನನ್ನ ಇಂಗ್ಲಿಷ್ ಕೇಳಿ ಪಕ್ಕದವರ ಮುಖ ನೋಡಿ ನಕ್ಕರು. ಟ್ಯಾಲಿ, ಜಿಎಸ್‌ಟಿ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಮೊಬೈಲಿನಲ್ಲಿ ತೋರಿಸಿ ಎಂದಾಗ ಗಾಬರಿಯಲ್ಲಿ ತೋರಿಸಿಬಿಟ್ಟೆ. ಈಗ ಎಚ್‌ಆರ್‌ನಿಂದ ಎರಡನೇ ಸುತ್ತಿಗೆ ಕರೆ ಬಂದಿದೆ, ಮೂಲ ಅಂಕಪಟ್ಟಿ ತರಬೇಕಂತೆ. ಸಂಬಳ 8 ಸಾವಿರ ಹೆಚ್ಚು. ‘ಎಲ್ಲ ಕಡೆ ಹೀಗೇ, ತಗ್ಗಿ ಬಗ್ಗಿ ನಡಿ’ ಅಂತಾರೆ ಅಮ್ಮ. ಹೆಸರು ಹಾಕಿ ಲಿಂಕ್ಡ್‌ಇನ್‌ನಲ್ಲಿ ಬರಿ ಅಂತಾಳೆ ಗೆಳತಿ. ಏನು ಮಾಡಲಿ?

ಉತ್ತರ: ಎರಡನೇ ಸುತ್ತಿಗೆ ಹೋಗಿ. ಹೋಗುವ ಮೊದಲು ಎಚ್‌ಆರ್‌ಗೆ ಒಂದು ಮೇಲ್ ಕಳಿಸಿ, ಆ ಮ್ಯಾನೇಜರ್ ನಿಮ್ಮ ನೇರ ಮೇಲಧಿಕಾರಿಯೇ ಎಂದು ತಿಳಿದುಕೊಳ್ಳಿ. ಈ ಒಂದು ಉತ್ತರದ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿದೆ.

ತಾರೀಖು ನೋಡಿದಿರಾ? 20. ತಿಂಗಳ ಜಿಎಸ್‌ಟಿ ಲೆಕ್ಕಪತ್ರವಾದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ಪೋರ್ಟಲ್ ನಿಧಾನವಾಗಿರುತ್ತದೆ, ಸಪ್ಲೈಯರ್ ಬಿಲ್ ಹಾಕಿಲ್ಲವೆಂದು 2ಬಿ (ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳಿಂದ ಪೋರ್ಟಲ್ ತಯಾರಿಸುವ ಪಟ್ಟಿ) ತಾಳೆಯಾಗುವುದಿಲ್ಲ, ಮಾಲೀಕರು ಐದು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಾರೆ. ಅಂದು ಸಂದರ್ಶನ ಇಟ್ಟದ್ದೇ ತಪ್ಪು, ನಿಜ. ಆದರೆ ಒಂದೂವರೆ ಗಂಟೆ ಕಾಯಿಸಿದ್ದನ್ನೂ ಫೋನನ್ನೂ ಅವಮಾನದ ಖಾತೆಗೆ ಬರೆಯಬೇಡಿ. ಎರಡನೇ ಸುತ್ತಿಗೆ 7, 11, 20ನೇ ತಾರೀಖು ಬಿಟ್ಟು ದಿನ ಕೇಳಿ. ಟಿಡಿಎಸ್ (ಮೂಲದಲ್ಲೇ ಕಡಿತ ಮಾಡಿದ ತೆರಿಗೆ), ಜಿಎಸ್‌ಟಿಆರ್-1 (ಮಾರಾಟದ ವಿವರ), 3ಬಿ ಗಡುವು ಗೊತ್ತಿರುವವರು ಹಾಗೆ ಕೇಳಿದರೆ ಅದೇ ಅರ್ಧ ಸಂದರ್ಶನ.

ನಗು ಮತ್ತು ಮದುವೆಯ ಮಾತು ಬೇರೆ. ಅದಕ್ಕೆ ಯಾವ ಗಡುವಿನ ನೆಪವೂ ಇಲ್ಲ. ಮದುವೆ ಪ್ರಶ್ನೆಯ ಹಿಂದಿರುವುದು ಹೆರಿಗೆ ರಜೆಯ ಭಯ: ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ. (ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ವ್ಯಾಪ್ತಿಯ ನೌಕರರಿಗೆ ಆ ಹಣ ಕೊಡುವುದು ಇಎಸ್‌ಐ ನಿಗಮ, ಮಾಲೀಕರಲ್ಲ. ಅಕೌಂಟ್ಸ್ ಮ್ಯಾನೇಜರ್‌ಗಾದರೂ ಇದು ಗೊತ್ತಿರಬೇಕಿತ್ತು.) ಮದುವೆ ಬಗ್ಗೆ ಕೇಳಲೇಬಾರದು ಎನ್ನುವ ಪ್ರತ್ಯೇಕ ಕಾನೂನು ಖಾಸಗಿ ಕಂಪನಿಗಳಿಗೆ ಇಲ್ಲ. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡಬಾರದು ಎಂಬ ನಿಯಮ 1976ರ ಸಮಾನ ಸಂಭಾವನೆ ಕಾಯ್ದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಆದರೆ ಬಾಯಿಮಾತಿನ ಒಂದು ಪ್ರಶ್ನೆಯಿಂದ ಅದನ್ನು ಸಾಬೀತು ಮಾಡುವುದು ಕಷ್ಟ. ಮತ್ತೆ ಕೇಳಿದರೆ ಹೌದು-ಇಲ್ಲ ಎರಡೂ ಬೇಡ. ಮದುವೆ ಇಲ್ಲ ಎಂದರೂ ನಾಳೆ ಆಗಬಹುದು ಎಂದು ಬರೆದುಕೊಳ್ಳುತ್ತಾರೆ. ‘ಈ ಕೆಲಸದಲ್ಲಿ ಕನಿಷ್ಠ ಎರಡು-ಮೂರು ವರ್ಷ ಇರಬೇಕು ಅಂತಲೇ ಬಂದಿದ್ದೇನೆ ಸರ್. ತಿಂಗಳ ಕ್ಲೋಸಿಂಗ್ ನಾನು ಹೇಗೆ ಮಾಡ್ತೀನಿ ಅಂತ ಹೇಳಲಾ?’ ಎಂದು ಮಾತನ್ನು ಕೆಲಸಕ್ಕೆ ಎಳೆದು ತನ್ನಿ. ಇಂಗ್ಲಿಷಿಗೂ ಅಷ್ಟೇ: ಟ್ಯಾಲಿ ತೆರೆದು ತೋರಿಸಲು ಅವಕಾಶ ಕೇಳಿ.

ಮಾತು ಲೈಂಗಿಕ ಧಾಟಿಗೆ ತಿರುಗಿದ್ದರೆ ಹಾದಿ ಬೇರೆಯೇ ಇದೆ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಕಾಯ್ದೆ, ಅಲ್ಲಿ ನೌಕರಳಲ್ಲದ ಮಹಿಳೆಗೂ ಅನ್ವಯಿಸುತ್ತದೆ. ಸಂದರ್ಶನಕ್ಕೆ ಬಂದವರೂ ಸೇರಿದರು. ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ನೌಕರರಿದ್ದು ಸಮಿತಿಯೇ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ. ನೀವು ಬರೆದದ್ದರಲ್ಲಿ ಅಂಥದ್ದು ಕಾಣುವುದಿಲ್ಲ. ಬರೆಯದೆ ಬಿಟ್ಟದ್ದೇನಾದರೂ ಇದ್ದರೆ ತಾರೀಖು ಎಣಿಸಿಕೊಳ್ಳಿ.

ಸ್ಟೇಟ್‌ಮೆಂಟ್ ತೋರಿಸಿದ್ದಕ್ಕೆ ಕೊರಗಬೇಡಿ. ಫೈಲ್ ಕಳಿಸಿಲ್ಲ, ಬರೀ ತೋರಿಸಿದ್ದೀರಿ. ಇನ್ನು ಮುಂದೆ ‘ಆಫರ್ ಹಂತದಲ್ಲಿ ಮೂರು ತಿಂಗಳ ಸಂಬಳದ ಚೀಟಿ ಎಚ್‌ಆರ್ ಮೇಲ್‌ಗೆ ಕಳಿಸ್ತೀನಿ’ ಎನ್ನಿ. ಅಂಕಪಟ್ಟಿ ತರಲು ಹೇಳುವುದು ಮಾಮೂಲು. ಮೂಲ ನೋಡಿ ವಾಪಸು ಕೊಟ್ಟು ಜೆರಾಕ್ಸ್ ಇಟ್ಟುಕೊಳ್ಳಲಿ. ‘ಇಲ್ಲೇ ಇರಲಿ, ಎರಡು ವರ್ಷ ಆದಮೇಲೆ ಕೊಡ್ತೀವಿ’ ಎಂದರೆ ಎದ್ದು ಬನ್ನಿ. ಸಂಬಳ ಎಷ್ಟಿದ್ದರೂ ಸರಿ.

ಈಗ ಮೇಲ್. ನಾಲ್ಕೇ ಸಾಲು, ವಿಶೇಷಣ ಬೇಡ: ‘ಎರಡನೇ ಸುತ್ತಿಗೆ ಕರೆದದ್ದಕ್ಕೆ ಧನ್ಯವಾದ. ಮೊದಲ ಸುತ್ತಿನಲ್ಲಿ ನನ್ನ ಮದುವೆ ಮತ್ತು ಬ್ಯಾಂಕ್ ಖಾತೆಯ ಬಗ್ಗೆ ಪ್ರಶ್ನೆ ಬಂತು, ಕೆಲಸದ ಬಗ್ಗೆ ಮಾತಾಡಲು ಅವಕಾಶವಾಗಲಿಲ್ಲ. ಈ ಸಲ ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸದ ಬಗ್ಗೆ ಮಾತಾಡಲು ಇಷ್ಟಪಡುತ್ತೇನೆ. ನಾನು ಯಾರಿಗೆ ರಿಪೋರ್ಟ್ ಮಾಡಬೇಕಾಗುತ್ತದೆ ಎಂದು ದಯವಿಟ್ಟು ತಿಳಿಸಿ.’ ಇದನ್ನು ಫೋನಿನಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಎಚ್‌ಆರ್‌ನವರು ವಿಷಾದ ತಿಳಿಸಿ ಇನ್ನೊಬ್ಬರನ್ನೂ ಕೂರಿಸಿದರೆ ಒಳ್ಳೆಯ ಲಕ್ಷಣ. ‘ಅವರು ಹಾಗೇ, ಮನಸ್ಸಿಗೆ ತಗೋಬೇಡಿ’ ಎಂದು ಉತ್ತರ ಬಂದರೆ ಆ ಮನುಷ್ಯನ ಮೇಲಿನ ದೂರು ಅಲ್ಲಿ ಹೊಸದಲ್ಲ ಎಂದೇ ತಿಳಿಯಿರಿ.

ಒಳಗೆ ಕೂತಾಗ ನೀವೂ ಕೇಳಿ. ತಿಂಗಳಿಗೆ ಎಷ್ಟು ಖರೀದಿ ಬಿಲ್? ಎಷ್ಟು ಜಿಎಸ್‌ಟಿ ನೋಂದಣಿ? 20ರ ಆಸುಪಾಸಿನಲ್ಲಿ ಎಷ್ಟು ಗಂಟೆಯವರೆಗೆ ಇರಬೇಕು? ಹಿಂದೆ ಇದ್ದವರು ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು? ಕೊನೆಯ ಪ್ರಶ್ನೆಗೆ ತಡವರಿಸಿದರೆ ಗಮನಿಸಿ. ವರ್ಷದೊಳಗೆ ಇಬ್ಬರು ಬಿಟ್ಟು ಹೋಗಿದ್ದು, ಅದೇ ಮ್ಯಾನೇಜರ್ ನಿಮಗೂ ನೇರ ಮೇಲಧಿಕಾರಿಯಾದರೆ, ಬೇಡ ಎಂಬುದೇ ನಮ್ಮ ಮಾತು. ಅವರ ಕೈಕೆಳಗಲ್ಲ ಎಂದಾದರೆ ಅಥವಾ ಈ ಸಲ ನೆಟ್ಟಗೆ ಕೆಲಸದ ಮಾತಾಡಿದರೆ ಮುಂದುವರಿಯಿರಿ.

ಲಿಂಕ್ಡ್‌ಇನ್‌ನಲ್ಲಿ ಹೆಸರು ಹಾಕಿ ಬರೆಯುವುದು ಬೇಡವೇ ಬೇಡ. ಸಾಕ್ಷಿ ಕೇಳಿ ಮಾನಹಾನಿ ನೋಟಿಸ್ ಬಂದರೆ ವಕೀಲರ ಖರ್ಚು ನಿಮ್ಮದು, ಮುಂದೆ ಕೆಲಸ ಕೊಡುವವರ ಕಣ್ಣಿಗೂ ಮೊದಲು ಬೀಳುವುದು ಅದೇ. ಅಂದು ಯಾರು ಏನೆಂದರು ಎಂದು ಮರೆಯುವ ಮೊದಲು ಡೈರಿಯಲ್ಲಿ ಬರೆದಿಡಿ. ಅಮ್ಮನಿಗೆ ಹೇಳಿ, ಎಲ್ಲ ಕಡೆ ಹೀಗಿಲ್ಲ.

8 ಸಾವಿರದ ಬಗ್ಗೆ. ಅದು ಕೈಗೆ ಸಿಗುವುದೋ, ಸಿಟಿಸಿಯೋ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು)? ಮೂಲವೇತನ 15,000 ಎಂದಿಟ್ಟುಕೊಂಡರೆ ಮಾಲೀಕರ ಪಾಲಿನ ಪಿಎಫ್ 1,800, ಗ್ರಾಚ್ಯುಟಿ ಹೆಸರಿನಲ್ಲಿ ಸುಮಾರು 720. ಎರಡನ್ನೂ ಸಿಟಿಸಿಯೊಳಗೆ ತುರುಕಿದ್ದರೆ ಹೆಚ್ಚಳ ಸುಮಾರು ಐದೂವರೆ ಸಾವಿರಕ್ಕೆ ಇಳಿಯುತ್ತದೆ. ಲೆಕ್ಕದವರಿಗೆ ಹೇಳಬೇಕಾಗಿಲ್ಲ, ಆದರೂ ಸ್ವಂತ ಲೆಕ್ಕ ಹಾಕುವಾಗ ಎಲ್ಲರೂ ಎಡವುತ್ತಾರೆ. ಆಫರ್ ಲೆಟರ್ ಕೈಗೆ ಬಂದು, ಸೇರುವ ದಿನಾಂಕ, ವರದಿ ಮಾಡಬೇಕಾದವರ ಹುದ್ದೆ, ಪ್ರೊಬೇಷನ್‌ನಲ್ಲಿ ಬಿಡಲು ಎಷ್ಟು ದಿನದ ನೋಟಿಸ್ ಎಂಬುದೆಲ್ಲ ಅದರಲ್ಲಿ ಬರೆದಿರುವುದನ್ನು ನೋಡುವವರೆಗೆ ಈಗಿನ ಕಚೇರಿಯಲ್ಲಿ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ 90 ದಿನ ಎಂದಿದ್ದರೆ 30ಕ್ಕೆ ಇಳಿಸಲು ಸಹಿ ಹಾಕುವ ಮೊದಲೇ ಕೇಳಿ.