ಬುಡದಲ್ಲಿ ನೀರು ನಿಂತರೆ ಮೆಣಸಿನ ಬಳ್ಳಿ ಉಳಿಯಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮರಕ್ಕೆ ಹಬ್ಬಿಸಿದ ಕಾಳುಮೆಣಸು ಹೋದ ವರ್ಷ ಚೆನ್ನಾಗಿತ್ತು. ಈ ಸಲ ಜುಲೈನಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ ಬಂತು, ಎರಡೇ ವಾರದಲ್ಲಿ ಕೆಲವು ಬಳ್ಳಿ ಪೂರ್ತಿ ಒಣಗಿದವು. ಬೋರ್ಡೋ (ತಾಮ್ರ, ಸುಣ್ಣ ಬೆರೆಸಿದ ರೋಗನಾಶಕ ದ್ರಾವಣ) ಹೊಡೆದಿದ್ದೆವು. ಸತ್ತ ಜಾಗದಲ್ಲಿ ಈಗಲೇ ಬೇರೆ ಬಳ್ಳಿ ನೆಡಬಹುದಾ?

ಉತ್ತರ: ಈಗಲೇ ಬೇಡ. ನೀವು ಬರೆದಿದ್ದು ನೋಡಿದರೆ ಇದು ಶೀಘ್ರ ಸೊರಗು ರೋಗವೇ. ಫೈಟಾಫ್ತೊರಾ ಅನ್ನೋ ರೋಗಾಣು ಇದಕ್ಕೆ ಕಾರಣ, ಅಡಿಕೆಗೆ ಕೊಳೆ ತರುವುದೂ ಇದರ ದಾಯಾದಿಯೇ. ಅದು ಮಣ್ಣಲ್ಲಿ ಇರುತ್ತದೆ, ಮಳೆ ಹನಿ ನೆಲಕ್ಕೆ ಬಡಿದು ಮಣ್ಣು ಸಿಡಿದಾಗ ಕೆಳಗಿನ ಎಲೆಗೆ ಅಂಟುತ್ತದೆ, ನೀರು ನಿಂತರೆ ಸೀದಾ ಬೇರಿಗೆ ಇಳಿಯುತ್ತದೆ. ಬೇರು ಕೊಳೆತ ಮೇಲೆ ಎಲೆಗೆ ಏನು ಹೊಡೆದರೂ ಅಷ್ಟೇ.

ಬೋರ್ಡೋ ಹೊಡೆದೆವು ಅಂದಿರಿ, ಯಾವಾಗ ಅಂತ ಬರೆದಿಲ್ಲ. ಮುಂಗಾರು ಹಿಡಿಯುವ ಮೊದಲೇ ಒಂದು ಸಲ ಆಗಬೇಕು, ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಂದು. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು. ಸುಣ್ಣ ಹಳೆಯದಾದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ತಿಕ್ಕಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೇಕು ಅಂತ ಅರ್ಥ. ಅವತ್ತು ಕಲಸಿದ್ದು ಅವತ್ತೇ ಮುಗಿಸಿ. ಬುಡಕ್ಕೆ ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕರಗಿಸಿ ಹುಯ್ಯಿರಿ.

ಆದರೆ ನನ್ನ ಕೇಳಿದರೆ ಔಷಧಿಗಿಂತ ಮೊದಲು ಹಾರೆ ಹಿಡಿಯಬೇಕು. ಬಸಿಗಾಲುವೆ ತುಂಬಿ ಹೋಗಿದ್ದರೆ ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸಿ. ಬುಡದ ಸುತ್ತ ಗುಂಡಿ ಮಾಡಿ ಗೊಬ್ಬರ ಹಾಕುವ ಅಭ್ಯಾಸ ತುಂಬಾ ಜನಕ್ಕಿದೆ, ಅಲ್ಲೇ ನೀರು ನಿಲ್ಲುವುದು! ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಿ. ನೆಲದ ಮೇಲೆ ಹರಿಯುವ ಹಬ್ಬು ಬಳ್ಳಿಗಳನ್ನು ಮೇಲೆ ಕಟ್ಟಿ, ಇಲ್ಲವೇ ಕತ್ತರಿಸಿ. ಮಳೆಗಾಲದಲ್ಲಿ ಬುಡ ಅಗೆಯಲೇಬೇಡಿ, ಬೇರಿಗೆ ಗಾಯವಾದರೆ ರೋಗಕ್ಕೆ ಬಾಗಿಲು ತೆಗೆದ ಹಾಗೆ.

ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡಿ, ಪಕ್ಕದ ಗುಂಡಿಗೆ ಎಸೆಯಬೇಡಿ. ಮುಂದಿನ ಮಳೆಗೆ ನೆಡುವಾಗ ಕೊಟ್ಟಿಗೆ ಗೊಬ್ಬರಕ್ಕೆ ರೋಗಾಣುವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಬೆರೆಸಿ ಹಾಕಿ. ಅದನ್ನೂ ತಾಮ್ರದ ಔಷಧಿಯನ್ನೂ ಒಟ್ಟಿಗೆ ಕೊಟ್ಟರೆ ದುಡ್ಡು ದಂಡ, ಯಾಕೆಂದರೆ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ. ಇನ್ನು ತಳಿ: ತೋಟದಲ್ಲಿ ನೆರಳು ಜಾಸ್ತಿ ಇದ್ದರೆ ಪಣಿಯೂರು-1ರ ಆಸೆ ಬಿಡಿ, ಅದಕ್ಕೆ ಬಿಸಿಲು ಬೇಕು.

ಪ್ರಶ್ನೆ: ಬೆಂಗಳೂರಿನ ತಾರಸಿಯಲ್ಲಿ ಕುಂಡದಲ್ಲಿ ಮೆಣಸು ಬೆಳೆಯಬಹುದಾ? ಊರಿಂದ ತಂದು ನೆಟ್ಟ ಬಳ್ಳಿ ಹಬ್ಬುತ್ತಲೇ ಇದೆ, ಒಂದು ಕರೆಯೂ (ಕಾಳಿನ ಗೊಂಚಲು) ಬಿಟ್ಟಿಲ್ಲ.

ಉತ್ತರ: ನೀವು ತಂದಿದ್ದು ಹಬ್ಬು ಬಳ್ಳಿ, ಅದು ಹತ್ತುವುದಕ್ಕೇ ನೋಡುತ್ತದೆ. ಕುಂಡಕ್ಕೆ ಪೊದೆ ಮೆಣಸು ಬೇಕು. ಬೆಳೆದ ಬಳ್ಳಿಯಲ್ಲಿ ಕರೆ ಬಿಡುವ ಅಡ್ಡ ರೆಂಬೆಗಳಿರುತ್ತವಲ್ಲ, ಅವನ್ನು ಮೂರ್ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿ ಬೇರು ಬರಿಸಿದರೆ ಅದು ಪೊದೆಯಾಗುತ್ತದೆ. ಬೇರು ಬರುವುದು ನಿಧಾನ, ಎಷ್ಟೋ ಒಣಗುತ್ತವೆ. ನರ್ಸರಿಯಲ್ಲಿ ಸಿದ್ಧ ಗಿಡ ಕೊಳ್ಳುವುದೇ ಸುಲಭ. ಅರ್ಧ ನೆರಳಿನಲ್ಲಿಡಿ, ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ.