ಏಕಾದಶಿಯ ಉಪವಾಸ, ಸಕ್ಕರೆಯ ಮಾತ್ರೆ

(ಗುರುತಿನ ವಿವರ ಬದಲಿಸಿದೆ.)

61ರ ಗೃಹಿಣಿ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗ್ಲಿಮೆಪಿರೈಡ್ 2 ಮಿ.ಗ್ರಾಂ, ಎರಡು ಹೊತ್ತು ಮೆಟ್‌ಫಾರ್ಮಿನ್ 500. ಆಗಾಗ ಮಧ್ಯಾಹ್ನ ಬೆವರು, ಕೈನಡುಕ, ಎದೆ ಡವಡವ. ‘ಆತಂಕ’ ಎಂದು ಆಪ್ತಸಲಹೆಗೆ ಬಂದವರು. ಗ್ಲುಕೋಮೀಟರಿನಲ್ಲಿ ಉಳಿದಿದ್ದ ಹಳೆಯ ಅಂಕಿ ನೋಡಿದರೆ ಒಮ್ಮೆ 52, ಒಮ್ಮೆ 58: ಸಕ್ಕರೆ ತೀರಾ ಇಳಿದಿತ್ತು. ತಾರೀಖುಗಳನ್ನು ಪಂಚಾಂಗಕ್ಕೆ ಹೋಲಿಸಿದರೆ ಎರಡೂ ಏಕಾದಶಿ.

ಕೇಳಿದ್ದು ನಾಲ್ಕೇ ಪ್ರಶ್ನೆ: ವ್ರತ-ನೇಮ ಏನಿದೆ, ಅದು ನಿಮಗೆಷ್ಟು ಮುಖ್ಯ, ಈ ವಿಷಯದಲ್ಲಿ ಯಾರ ಮಾತು ಕೇಳುತ್ತೀರಿ, ಚಿಕಿತ್ಸೆಯಲ್ಲಿ ಅದಕ್ಕೆ ಹೇಗೆ ಜಾಗ ಕೊಡಬೇಕು. (ಅಮೆರಿಕದ ವೈದ್ಯೆ ಕ್ರಿಸ್ಟೀನಾ ಪುಹಾಲ್ಸ್ಕಿ ರೂಪಿಸಿದ ‘ಫೈಕಾ’ ಪ್ರಶ್ನೆಗಳ ಸಾರ ಇದೇ.)

"ಮದುವೆ ಆದಾಗಿಂದ ನಿರ್ಜಲ ಮಾಡ್ತೀನಿ. ಡಾಕ್ಟ್ರಿಗೆ ಹೇಳಿದ್ರೆ ಬಿಡಿ ಅಂತಾರೆ, ಅದಕ್ಕೇ ಹೇಳಿಲ್ಲ."

ಮಾತ್ರೆ?

"ತಪ್ಪಿಸಬೇಡಿ ಅಂದಿದ್ರಲ್ಲ! ಒಂದು ಉದ್ಧರಣೆ ತೀರ್ಥದ ಜೊತೆ ನುಂಗ್ತೀನಿ."

ಎಡವಟ್ಟು ಇಲ್ಲಿದೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಗ್ಲಿಮೆಪಿರೈಡ್ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ. ಸಾಲದ್ದಕ್ಕೆ ಅವರು ಆಸ್ಪತ್ರೆಗೆ ಹೋಗುತ್ತಿದ್ದುದು ದ್ವಾದಶಿಯಂದು, ಪಾರಣೆಯ ಭರ್ಜರಿ ಊಟ ಮುಗಿಸಿ. ಏರಿದ ಸಕ್ಕರೆ ಕಂಡು ಗ್ಲಿಮೆಪಿರೈಡ್ 1ರಿಂದ 2 ಮಿ.ಗ್ರಾಂಗೆ ಹೋಗಿತ್ತು. ಗುಟ್ಟು ಮಾಡಿದ್ದು ರೋಗಿಯ ತಪ್ಪೆನ್ನುವುದು ಸುಲಭ. ಆದರೆ ಯಾರೂ ಕೇಳಿರಲೇ ಇಲ್ಲ.

ಉಪವಾಸ ಬಿಡಿ ಎಂದು ಹೇಳಲಿಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಔಷಧ, ಗುರುವಿನ ಮಾತು ಇವೆಲ್ಲ ವ್ರತವನ್ನು ಕೆಡಿಸವು ಎನ್ನುವ ಶ್ಲೋಕವೇ ಇದೆ. ಅದನ್ನು ಸಲಹೆಗಾರರು ಹೇಳಿದರೆ ಪುರೋಹಿತಿಕೆ ಆದೀತು, ನಂಬಿಕೆಯೂ ಹುಟ್ಟದು. ಅವರ ಮನೆಯ ಆಚಾರ್ಯರನ್ನೇ ಕೇಳಿಬರಲು ಕಳಿಸಿದ್ದಾಯಿತು. ಹಾಲು, ಹಣ್ಣಿಗೆ ಆಚಾರ್ಯರು ಒಪ್ಪಿದರು.

ಮಾತ್ರೆಯ ಮಾತು ವೈದ್ಯರದು. ಅವರು ಬರೆದುಕೊಟ್ಟದ್ದು: ಏಕಾದಶಿ ಬೆಳಿಗ್ಗೆ ಗ್ಲಿಮೆಪಿರೈಡ್ ಬೇಡ, ಮೆಟ್‌ಫಾರ್ಮಿನ್ ಸಂಜೆಯ ಫಲಾಹಾರದ ಜೊತೆ ಒಂದೇ, ದ್ವಾದಶಿಯಂದು ಮೊದಲು ಪಾರಣೆ, ಜೊತೆಗೇ ಮಾತ್ರೆ. ಇದು ಇವರಿಗಷ್ಟೇ ಹೊಂದಿಸಿದ್ದು, ಇನ್ಸುಲಿನ್ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಸಕ್ಕರೆ ನಾಲ್ಕು ಸಲ ನೋಡಬೇಕು. 70ಕ್ಕಿಂತ ಇಳಿದರೆ ಉಪವಾಸ ಅಲ್ಲಿಗೇ ಮುಗಿಯಿತು: ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡುವುದು. ಸಾಬಕ್ಕಿ ಖಿಚಡಿ ಬೇಡ, ಸಕ್ಕರೆ ದಿಢೀರ್ ಏರುತ್ತದೆ. ಬೆರಳು ಚುಚ್ಚಿದರೆ ಮಡಿ ಕೆಡುತ್ತದೆಯೇ ಎಂಬ ಅಳುಕನ್ನೂ ಆಚಾರ್ಯರೇ ತೀರಿಸಿದರು.

ಮೂರು ಏಕಾದಶಿ ಕಳೆದವು. 84ಕ್ಕಿಂತ ಕೆಳಗೆ ಇಳಿದಿಲ್ಲ. ಆಷಾಢದ ಪ್ರಥಮ ಏಕಾದಶಿ ಮಾತ್ರ ನಿರ್ಜಲವೇ ಆಗಬೇಕೆಂಬ ಪಟ್ಟು ಬಿಟ್ಟಿಲ್ಲ. ಅಂದು ಮಗಳು ರಜೆ ಹಾಕಿ ಮನೆಯಲ್ಲಿರಬೇಕು, ಎರಡು ಗಂಟೆಗೊಮ್ಮೆ ಸಕ್ಕರೆ ನೋಡಬೇಕು ಎಂಬ ಕರಾರಿನ ಮೇಲೆ ಮಾತುಕತೆ ಇನ್ನೂ ನಡೆದಿದೆ.