ಒಗರು ಸೇಬು ತಪ್ಪು ತಳಿಯೇ?

ಪ್ರಶ್ನೆ: ಸೈಡರ್‌ಗೆಂದು (ಸೇಬಿನ ರಸ ಹುದುಗಿಸಿದ ಪಾನೀಯ) ಡ್ಯಾಬಿನೆಟ್ ಸೇಬು ನೆಟ್ಟೆ. ಮೊದಲ ಹಣ್ಣು ಕಚ್ಚಿದರೆ ಸಿಹಿ, ಆಮೇಲೆ ನಾಲಿಗೆಯೆಲ್ಲ ಒಗರು. ತಳಿ ತಪ್ಪಾಯಿತೇ?

ಉತ್ತರ: ಖಂಡಿತ ಇಲ್ಲ, ಆ ಒಗರಿಗಾಗಿಯೇ ಇದನ್ನು ಬೆಳೆಸುವುದು! ಇಂಗ್ಲೆಂಡಿನ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದ ವಿಂಗಡಣೆಯಂತೆ, ರಸದಲ್ಲಿ ಟ್ಯಾನಿನ್ (ಒಗರು ಕೊಡುವ ಅಂಶ) 0.2%ಗಿಂತ ಹೆಚ್ಚು, ಆಮ್ಲ 0.45%ಗಿಂತ ಕಡಿಮೆ ಇದ್ದರೆ ಅದು ಕಹಿ-ಸಿಹಿ ಸೇಬು; ಡ್ಯಾಬಿನೆಟ್ ಅಂಥದ್ದೇ. ನಾನು ಯಾರ್ಲಿಂಗ್ಟನ್ ಮಿಲ್ ಎಂಬ ಇನ್ನೊಂದು ಸೈಡರ್ ತಳಿಯನ್ನೂ ಬೆಳೆಸಿದ್ದೇನೆ. ಅದರಲ್ಲಿ ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ, ಮರುವರ್ಷ ಬೆರಳೆಣಿಕೆಯಷ್ಟು. ನಿಮ್ಮ ಡ್ಯಾಬಿನೆಟ್‌ಗೆ ಪೊಟ್ಯಾಷ್ ಕೊರತೆ ಬೇಗ ತಟ್ಟುತ್ತದೆ, ಎಲೆಯಂಚು ಸುಟ್ಟಂತಾದರೆ ಗಮನಿಸಿ. ಕೊಯ್ಲಿಗೆ ಅವಸರ ಬೇಡ. ಉದುರಿದ ಹಣ್ಣನ್ನೂ ಹೆಬ್ಬೆರಳಲ್ಲಿ ಒತ್ತಿದರೆ ಕುಳಿ ಬೀಳುವವರೆಗೆ ಇಟ್ಟು, ಆಮೇಲೆ ಹಿಂಡಿ. ಇದರ ರಸವನ್ನಷ್ಟೇ ಹುದುಗಿಸಬೇಡಿ, ಆಮ್ಲ ಸಾಲದೆ ಕೆಟ್ಟೀತು. ಹುಳಿ ಸೇಬಿನ ರಸ ಬೆರೆಸಿ ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.8ಕ್ಕಿಂತ ಕೆಳಗಿಳಿಸಿ.